ಎರಡನೇ ಬೆಂಚಿನ ವರ್ಷ

ಜೂನ್ ೧೪

ಪ್ರೀತಿಯ ಅಕ್ಕಾ,

ನೀನು ನರ್ಸಿಂಗ್ ಹಾಸ್ಟೆಲಿಗೆ ವಾಪಸು ಹೋಗಿ ಹನ್ನೊಂದು ದಿನವಾಯಿತು. ಅಪ್ಪ ಈಗಲೂ ಊಟಕ್ಕೆ ಮೂರು ತಟ್ಟೆ ಇಡುತ್ತಾರೆ. ಆಮೇಲೆ ಒಂದನ್ನು ಎತ್ತಿ, ಯಾರೂ ನೋಡಲಿಲ್ಲ ಎನ್ನುವಂತೆ ಒಳಗಿಟ್ಟು ಬರುತ್ತಾರೆ. ನಾನೂ ನೋಡದವಳ ಹಾಗೆ ಇರುತ್ತೇನೆ.

ಅಂತೂ ಹತ್ತನೇ ತರಗತಿಗೆ ಬಂದೆ. ಜ್ವರದಲ್ಲಿ ಉದುರಿದ ಕೂದಲು ಬೆರಳಿನ ಗೆಣ್ಣಿನಷ್ಟು ಬೆಳೆದಿದೆ. ಹಿಂದಿನ ಬೆಂಚಿನ ಹುಡುಗರು ‘ಪೊರಕೆ’ ಅಂತ ಹೆಸರಿಡಲು ನೋಡಿದರು. ಕಡ್ಡಿ ಎದ್ದು ಹೋಗಿ ಒಬ್ಬನ ಕಂಪಾಸು ಪೆಟ್ಟಿಗೆಯನ್ನು ಕಿಟಕಿಯಿಂದಾಚೆ ಎಸೆದ ಮೇಲೆ ಸುಮ್ಮನಾದರು. ಕಡ್ಡಿ ಗೊತ್ತಲ್ಲ, ಕಂಡಕ್ಟರ ಮಗಳು, ನಾನು ಮಲಗಿದ್ದಾಗ ದಿನಾ ಸಂಜೆ ನೋಟ್ಸ್ ತಂದುಕೊಡುತ್ತಿದ್ದವಳು. ಈ ವರ್ಷವೂ ಎರಡನೇ ಬೆಂಚು ನಮ್ಮಿಬ್ಬರದೇ.

ಶಾಲೆ ಸ್ವಲ್ಪ ಬದಲಾಗಿದೆ. ಗಂಟೆಯನ್ನು ಈಗ ತೀರ ಮೆತ್ತಗೆ ಬಾರಿಸುತ್ತಾರೆ. ಎಲ್ಲರೂ ಎದ್ದು ನಿಂತ ಮೇಲೇ ನನಗೆ ಗೊತ್ತಾಗುವುದು. ಗಣಿತದ ಮೇಷ್ಟ್ರು ಬೆನ್ನು ತಿರುಗಿಸಿ ಬೋರ್ಡಿನ ಜೊತೆಗೇ ಗೊಣಗುತ್ತಾರೆ. ಇಷ್ಟು ಹೊತ್ತಿಗೆ ಬೋರ್ಡಿಗೆ ಪೂರ್ತಿ ಗಣಿತ ಬಂದಿರಬೇಕು, ನಮಗೆ ಬರುವುದು ಮಾತ್ರ ಅನುಮಾನ.

ಭಾನುವಾರ ನೀನು ಔಷಧಿ ಅಂಗಡಿಗೆ ಫೋನ್ ಮಾಡಿದಾಗ ಲೈನು ಸರಿಯಿರಲಿಲ್ಲ, ನಿನ್ನ ದನಿ ಬಾವಿಯ ತಳದಿಂದ ಬಂದ ಹಾಗಿತ್ತು. ಇನ್ನು ಮೇಲೆ ಪತ್ರವನ್ನೇ ಬರಿ. ಪತ್ರವಾದರೆ ಎಷ್ಟು ಸಲ ಬೇಕಾದರೂ ಓದಬಹುದು.

ನಿನ್ನ ಗುಂಡಿ


ಜೂನ್ ೨೭

ಗುಂಡಿಗೆ,

ಲೈನು ಚೆನ್ನಾಗಿಯೇ ಇತ್ತು ಕಣೇ. ನಿನಗೇ ಕುಚೋದ್ಯ ಜಾಸ್ತಿಯಾಗಿತ್ತು. ‘ತೂಕ ಎಷ್ಟಾಯ್ತೇ’ ಅಂದರೆ ‘ಅಪ್ಪ ಅಂಗಡೀಲಿದ್ದಾರೆ’ ಅಂದೆ. ‘ಮಾತ್ರೆ ತಗೊಂಡ್ಯಾ’ ಅಂದರೆ ‘ಹೂಂ, ಬಿಸಿಲು’ ಅಂದೆ. ನನ್ನ ಹಿಂದೆ ಆರು ಜನ ಫೋನಿಗೆ ಕಾಯುತ್ತಿದ್ದರು, ಇಲ್ಲದಿದ್ದರೆ ಸರಿಯಾಗಿ ಬೈಯುತ್ತಿದ್ದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಬಿಟ್ಟುಹೋದ ಪಾಠಗಳನ್ನು ಹಿಡಿಯುತ್ತಿದ್ದೇನೆ, ಗೆಳತಿಯರು ಸಹಾಯ ಮಾಡುತ್ತಾರೆ. ನನ್ನ ಬಗ್ಗೆ ಯೋಚನೆ ಬೇಡ. ನಿನ್ನ ಮಾತ್ರೆ ಇನ್ನೂ ಐದು ತಿಂಗಳಿದೆ, ಒಂದೂ ತಪ್ಪಬಾರದು. ದಿನಕ್ಕೊಂದರಂತೆ ಅರವತ್ತು ಇಂಜೆಕ್ಷನ್ ನನ್ನ ಕೈಯಾರೆ ಚುಚ್ಚಿ ನಿನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದೇನೆ, ಅದನ್ನೆಲ್ಲ ನೀರಿಗೆ ಹಾಕಬೇಡ. ನನ್ನ ಕೈ ಹಗುರ ಅಂತ ನೀನೇ ಹೇಳಿದ್ದೆ. ಆ ಮಾತನ್ನು ಇಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ.

ಅಮ್ಮ ತೀರಿಕೊಂಡ ವರ್ಷ ನಿನಗೆ ಐದು ತುಂಬಿತ್ತು. ಅವತ್ತಿನಿಂದ ನಿನ್ನ ಮಾರ್ಕ್ಸ್ ಕಾರ್ಡನ್ನು ಅಪ್ಪನಿಗಿಂತ ಮೊದಲು ನೋಡುತ್ತಿದ್ದವಳು ನಾನು. ಈ ವರ್ಷ ಅಂಚೆಯಲ್ಲಿ ಬರಬೇಕು, ಮರೆಯಬೇಡ.

ನಿನ್ನ ಅಕ್ಕ


ಆಗಸ್ಟ್ ೩

ಪ್ರೀತಿಯ ಅಕ್ಕಾ,

ಮಾರ್ಕ್ಸ್ ಕಾರ್ಡ್ ಜೊತೆಗಿದೆ. ಓದುವ ಮೊದಲು ನೀರು ಕುಡಿ.

ಉಕ್ತಲೇಖನದಲ್ಲಿ ಇಪ್ಪತ್ತಕ್ಕೆ ಏಳು. ಒಂಬತ್ತನೇ ತರಗತಿಯಲ್ಲಿ ಜ್ವರ ಬರುವ ತನಕ ನನಗೆ ಇಪ್ಪತ್ತಕ್ಕೆ ಇಪ್ಪತ್ತೇ ಬರುತ್ತಿದ್ದದ್ದು ನಿನಗೂ ಗೊತ್ತು, ಭಾಷಾ ಮೇಷ್ಟ್ರಿಗೂ ಗೊತ್ತು. ಅವರು ‘ಹಡಗು’ ಅಂದಿದ್ದನ್ನು ನಾನು ‘ಅಡುಗೆ’ ಅಂತ ಬರೆದಿದ್ದೆನಂತೆ. ಇಡೀ ತರಗತಿಗೆ ಓದಿ ಹೇಳಿದರು. “ಇವಳ ಪ್ರಕಾರ ನಾವಿಕ ಅಡುಗೆ ಮೇಲೆ ಹತ್ತಿ ಸಮುದ್ರ ದಾಟಿದ” ಅಂದರು. ನಾನೂ ನಕ್ಕೆ. ಎಲ್ಲರೂ ನಗುವಾಗ ನಗದೆ ಇದ್ದರೆ ಇನ್ನೂ ಎದ್ದು ಕಾಣುತ್ತೇವೆ.

ಈಗ ನಾನೂ ಕಡ್ಡಿಯೂ ಒಂದು ಆಟ ಕಲಿತಿದ್ದೇವೆ. ಮೇಷ್ಟ್ರು ನನ್ನ ಹೆಸರು ಕರೆದರೆ ಅವಳು ಬೆಂಚಿನ ಕೆಳಗೆ ಪೆನ್ಸಿಲಿನಿಂದ ನನ್ನ ಮಂಡಿಗೆ ಒಂದು ಸಲ ತಟ್ಟುತ್ತಾಳೆ. ಪ್ರಶ್ನೆ ಕೇಳಿದರೆ ಎರಡು ಸಲ. ಆಟ ಅಷ್ಟೆ, ಬೇರೇನಿಲ್ಲ.

ಮೊನ್ನೆ ಸಂಜೆ ಕರೆಂಟು ಹೋದಾಗ ಅಂಗಳದಿಂದ ಒಳಗೆ ಬರುವಷ್ಟರಲ್ಲಿ ತೂರಾಡಿದೆ, ಗೋಡೆ ಹಿಡಿದುಕೊಂಡೇ ಬಂದೆ. ಜ್ವರದ ನಿಶ್ಶಕ್ತಿ ಇನ್ನೂ ಹೋಗಿಲ್ಲ ಅನಿಸುತ್ತದೆ. ಅಪ್ಪ ಚೆನ್ನಾಗಿದ್ದಾರೆ. ಶಾಲೆಯ ಸಮವಸ್ತ್ರದ ಹೊಲಿಗೆ ಮುಗಿದಿಲ್ಲ, ನೀಲಿ ಬಟ್ಟೆಯ ನಡುವೆ ತಲೆ ಮಾತ್ರ ಕಾಣುತ್ತದೆ.

ಭಾನುವಾರ ಫೋನಿಗೆ ಬರಲಾಗಲಿಲ್ಲ, ವಿಶೇಷ ತರಗತಿ ಇತ್ತು. ಮುಂದಿನ ಭಾನುವಾರವೂ ಇರುತ್ತದೆ.

ಗುಂಡಿ


ಆಗಸ್ಟ್ ೧೯

ಗುಂಡಿ,

ಏಳು ಅಂಕ ನೋಡಿ ಸಿಟ್ಟು ಬರಲಿಲ್ಲ. ಆಟ ಅಂತ ಬರೆದಿದ್ದೀಯಲ್ಲ, ಅದಕ್ಕೆ ಬಂತು. ಮೇಷ್ಟ್ರು ಪಾಠ ಮಾಡುವಾಗ ಪೆನ್ಸಿಲಿನಿಂದ ತಟ್ಟಿಕೊಂಡು ಆಡುವ ವಯಸ್ಸೇ ಇದು? ಭಾನುವಾರ ಅಪ್ಪ ಫೋನಿಗೆ ಬಂದಿದ್ದರು, ವಿಶೇಷ ತರಗತಿ ಯಾವುದೂ ಇಲ್ಲ ಎಂದರು. ಸುಳ್ಳು ಹೇಳುವುದನ್ನು ಆ ಹುಡುಗಿಯೇ ಕಲಿಸಿದಳೋ ಅಥವಾ ನೀನಾಗಿಯೇ ಕಲಿತೆಯೋ?

ಇಲ್ಲಿ ನನ್ನ ಜೊತೆಯವರೆಲ್ಲ ಮೂರನೇ ವರ್ಷಕ್ಕೆ ಹೋದರು. ನಾನು ಜೂನಿಯರ್‌ಗಳ ಜೊತೆ ಕೂತು ಎರಡನೇ ವರ್ಷವನ್ನೇ ಮತ್ತೆ ಓದುತ್ತಿದ್ದೇನೆ. ಹೇಳಬಾರದು ಅಂದುಕೊಂಡಿದ್ದೆ. ನಾನು ಒಂದು ವರ್ಷ ಕಳೆದುಕೊಂಡದ್ದು ನೀನು ತರಗತಿಯಲ್ಲಿ ಆಟವಾಡಲಿ ಅಂತ ಅಲ್ಲ.

ಆ ಕಡ್ಡಿಯ ಸಹವಾಸ ಬಿಡು. ನಾಳೆಯೇ ಬೆಂಚು ಬದಲಾಯಿಸು.

ಅಕ್ಕ


ಸೆಪ್ಟೆಂಬರ್ ೨

ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಚೆನ್ನಾಗಿ ಓದುತ್ತೇನೆ. ನಿನಗೆ ಒಂದು ವರ್ಷ ಹೋಯಿತೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇಗ ಗುಣವಾಗಲು ನೋಡುತ್ತಿದ್ದೆ.

ಬೆಂಚು ಬದಲಾಯಿಸುವುದಿಲ್ಲ.

ಗುಂಡಿ


ಅಕ್ಟೋಬರ್ ೨೦

ಗುಂಡೀ, ನನ್ನ ಮರಿ,

ಇಷ್ಟು ದಿನ ಬರೆಯದೇ ಇದ್ದದ್ದು ಸಿಟ್ಟಿನಿಂದಲ್ಲ, ಅವಮಾನದಿಂದ. ಆ ಪತ್ರವನ್ನು ಡಬ್ಬಿಗೆ ಹಾಕಿದ ಕೂಡಲೇ ಕೈ ತೂರಿಸಿ ತೆಗೆಯಲು ನೋಡಿದೆ. ವಾರ್ಡಿನಲ್ಲಿ ಯಾರೋ ಬೈದಿದ್ದರು, ಆ ಸಿಟ್ಟೆಲ್ಲ ನಿನ್ನ ತಲೆಯ ಮೇಲೆ ಸುರಿದೆ. ಬೇಗ ಗುಣವಾಗಲು ನೋಡುತ್ತಿದ್ದೆ ಅಂತ ಬರೆದೆಯಲ್ಲ, ಆ ಸಾಲನ್ನು ಓದಿ ಊಟ ಸೇರಲಿಲ್ಲ.

ಎರಡು ವಾರದಿಂದ ನನ್ನನ್ನು ಕಿವಿ, ಮೂಗು, ಗಂಟಲಿನ ವಾರ್ಡಿಗೆ ಹಾಕಿದ್ದಾರೆ. ಸುಮ್ಮನೆ ಒಂದು ಮಾತು ಕೇಳುತ್ತೇನೆ, ಯೋಚಿಸಿ ಉತ್ತರ ಬರಿ. ರೂಮಿನ ಗೋಡೆ ಗಡಿಯಾರದ ಟಿಕ್‌ಟಿಕ್ ಮಂಚದ ಮೇಲೆ ಕೂತರೆ ನಿನಗೆ ಕೇಳುತ್ತದೆಯೇ? ಕಿವಿಯೊಳಗೆ ಶಬ್ದವೇನಾದರೂ ಬರುತ್ತದೆಯೇ? ಕತ್ತಲಲ್ಲಿ ತೂರಾಡಿದೆ ಅಂದಿದ್ದೆ, ಅದು ಮತ್ತೆ ಆಯಿತೇ? ಸುಮ್ಮನೆ ಕೇಳಿದೆ, ಗಾಬರಿಯಾಗಬೇಡ.

ಬೆಂಚು ಬದಲಾಯಿಸದಿದ್ದರೆ ಬೇಡ.

ನಿನ್ನ ಅಕ್ಕ


ಅಕ್ಟೋಬರ್ ೨೯

ಪ್ರೀತಿಯ ಅಕ್ಕಾ,

ನಿನ್ನ ಪತ್ರ ನೋಡಿ ತುಂಬ ಖುಷಿಯಾಯಿತು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಗಡಿಯಾರದ ಟಿಕ್‌ಟಿಕ್ ಎಷ್ಟು ಜೋರಾಗಿ ಕೇಳುತ್ತದೆಂದರೆ ಒಮ್ಮೊಮ್ಮೆ ಓದಲೂ ಬಿಡುವುದಿಲ್ಲ. ಕಿವಿಯೊಳಗೆ ಯಾವ ಶಬ್ದವೂ ಇಲ್ಲ. ತೂರಾಡುವುದೂ ಇಲ್ಲ. ಮಾತ್ರೆ ಒಂದೂ ತಪ್ಪಿಸಿಲ್ಲ.

ಮಧ್ಯಾವಧಿ ಪರೀಕ್ಷೆ ಮುಗಿಯಿತು. ಬೆಂಚಿನ ವಿಷಯದಲ್ಲಿ ನೀನು ಹೇಳಿದ ಹಾಗೇ ಆಯಿತು. ಈಗ ನಾನು ಒಬ್ಬಳೇ ಕೂರುತ್ತೇನೆ. ಜಾಗ ಧಾರಾಳವಾಗಿದೆ.

ನೀನು ಚೆನ್ನಾಗಿ ಓದು. ಈ ವರ್ಷ ಯಾವ ಕಾರಣಕ್ಕೂ ರಜೆ ಹಾಕಬೇಡ.

ಗುಂಡಿ


ನವೆಂಬರ್ ೧೮

ಗುಂಡೀ,

ನಿನ್ನೆ ಅಪ್ಪ ಇಲ್ಲಿಗೆ ಬಂದಿದ್ದರು. ಬಟ್ಟೆ ಖರೀದಿಗೆ ಬಂದವರು ಹಾಸ್ಟೆಲಿನ ಗೇಟಿನ ಬಳಿ ಕಲ್ಲು ಬೆಂಚಿನ ಮೇಲೆ ಕೂತು ನನಗಾಗಿ ಎರಡು ಗಂಟೆ ಕಾದರು. ಅದೂ ಇದೂ ಮಾತಾಡುತ್ತಾ, “ಗಡಿಯಾರದ ಸದ್ದು ಜೋರಂತೆ, ಗುಂಡಿಗೆ ಓದೋಕೆ ತೊಂದ್ರೆ ಆಗ್ತಿದ್ರೆ ಅದನ್ನ ಅಂಗಡಿಗೆ ಹಾಕ್ಕೊಳ್ಳಪ್ಪಾ” ಅಂದೆ.

ಅಪ್ಪ ನನ್ನ ಮುಖವನ್ನೇ ನೋಡಿದರು. “ಯಾವ ಗಡಿಯಾರ? ಅದು ನಿಂತು ಮೂರು ತಿಂಗಳಾಯ್ತಲ್ಲಮ್ಮ. ರಿಪೇರಿಗೆ ಕೊಟ್ಟಿದ್ದೀನಿ, ಇನ್ನೂ ಬಂದಿಲ್ಲ” ಅಂದರು. ಆಮೇಲೆ ತಾವಾಗಿಯೇ, “ಈಚೆಗೆ ಕರೆದ್ರೂ ತಿರುಗಿ ನೋಡಲ್ಲ ಅವಳು. ಹತ್ತನೇ ಕ್ಲಾಸು, ಓದಿನ ಮೇಲೇ ಗಮನ ಅಂದ್ಕೊಂಡೆ” ಅಂದರು.

ಅವರಿಗೆ ನಾನೇನೂ ಹೇಳಲಿಲ್ಲ. ಬಸ್ಸು ಹತ್ತಿಸಿ ಬಂದೆ. ನನಗಾದರೂ ನಿಜ ಹೇಳು. ಬೈಯುವುದಿಲ್ಲ. ಯಾವತ್ತಿನಿಂದ, ಎಷ್ಟು?

ಅಕ್ಕ


ನವೆಂಬರ್ ೨೮

ಅಕ್ಕಾ,

ಗಡಿಯಾರ ಗೋಡೆಯ ಮೇಲಿದೆಯೇ ಅಂತಲೂ ನೋಡದೆ ಉತ್ತರ ಬರೆದುಬಿಟ್ಟೆ. ಕಡ್ಡಿ ಇದ್ದಿದ್ದರೆ ಇಂಥ ಪೆದ್ದುತನ ಮಾಡಲು ಬಿಡುತ್ತಿರಲಿಲ್ಲ.

ಜೂನಿನಲ್ಲಿ ನನಗೇ ಗೊತ್ತಿರಲಿಲ್ಲ. ಎಲ್ಲರೂ ಪಿಸುಗುಡುತ್ತಿದ್ದಾರೆ ಅನಿಸುತ್ತಿತ್ತು. ಕಡ್ಡಿಗೂ ಒಂದು ದಿನ ಸಿಟ್ಟಿನಲ್ಲಿ “ಯಾಕೇ ಗಂಟಲಲ್ಲೇ ಮಾತಾಡ್ತೀಯ?” ಅಂತ ಕೇಳಿದೆ. ಅವಳು ನನ್ನನ್ನು ಕೈ ತೊಳೆಯುವ ನಲ್ಲಿಯ ಬಳಿ ಕರೆದುಕೊಂಡು ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. “ನಾನು ಕರೆದಾಗ ಕೈ ಎತ್ತು” ಅಂದಳು. ನಾನು ನಿಂತೇ ಇದ್ದೆ. ಆಮೇಲೆ ತಿರುಗಿ ನೋಡಿದರೆ ಅವಳು ನನ್ನ ಬೆನ್ನಿನ ಹಿಂದೆಯೇ ಇದ್ದಳು, ಮುಖ ಕೆಂಪಾಗಿತ್ತು. ಒಂಬತ್ತು ಸಲ ಕರೆದಿದ್ದಳಂತೆ. ಕೊನೆಕೊನೆಗೆ ಕಿರುಚಿದಳಂತೆ. ನಲ್ಲಿಯ ಬಳಿ ಇದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

ಯಾರಿಗೂ ಹೇಳಬೇಡ ಅಂತ ಅವಳಿಂದ ಭಾಷೆ ತೆಗೆದುಕೊಂಡೆ. ಯಾಕೆಂದರೆ ನಿನಗೆ ತಿಳಿದರೆ ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಡುತ್ತೀಯ, ಇನ್ನೊಂದು ವರ್ಷ ಹೋಗುತ್ತದೆ. ಅಪ್ಪನಿಗೆ ತಿಳಿದರೆ ನಿನಗೆ ಹೇಳುತ್ತಾರೆ. ಪೆನ್ಸಿಲ್ ಆಟ ಅದಕ್ಕೇ. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಅರ್ಧ ಊಹಿಸುತ್ತೇನೆ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಅಪ್ಪನ ಕೆಮ್ಮು, ಬಾಗಿಲು ಹಾಕಿದ ಸದ್ದು, ಅಂಥ ದಪ್ಪ ಸದ್ದಷ್ಟೇ ಕೇಳುತ್ತದೆ, ಕೀರಲು ದನಿ ಎಷ್ಟು ಜೋರಿದ್ದರೂ ಕೇಳುವುದಿಲ್ಲ. ಹಕ್ಕಿಗಳ ಸದ್ದು ಕೇಳಿ ಬಹಳ ದಿನವಾಯಿತು.

ಇನ್ನೊಂದು ವಿಷಯ. ಇದನ್ನು ಬರೆಯಲು ಮೂರು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ.

ಮಧ್ಯಾವಧಿ ಪರೀಕ್ಷೆಯ ಉಕ್ತಲೇಖನದ ದಿನ ಭಾಷಾ ಮೇಷ್ಟ್ರು ಓದುತ್ತಾ ಹಿಂದೆ ಮುಂದೆ ತಿರುಗಾಡುತ್ತಿದ್ದರು. ಅವರ ಬಾಯಿ ನನಗೆ ಕಾಣುತ್ತಲೇ ಇರಲಿಲ್ಲ. ಒಂದು ಪದವೂ ಸಿಗದೆ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದೆ. ಕಡ್ಡಿ ತನ್ನ ಹಾಳೆಯನ್ನು ನನ್ನ ಕಡೆಗೆ ಸರಿಸಿದಳು. ನಾನು ನೋಡಿ ಬರೆದೆ. ಮೇಷ್ಟ್ರು ಹಿಂದಿನಿಂದ ಬಂದು ಎರಡೂ ಹಾಳೆ ಎತ್ತಿಕೊಂಡರು.

ಹೆಡ್‌ಮಿಸ್ ರೂಮಿನಲ್ಲಿ ಇಬ್ಬರನ್ನೂ ನಿಲ್ಲಿಸಿದರು. ನಾನು ಬಾಯಿ ತೆರೆಯುವ ಮೊದಲೇ ಕಡ್ಡಿ, “ನಾನೇ ಅವಳದ್ದು ನೋಡಿ ಬರೆದೆ ಮಿಸ್. ಅವಳಿಗೆ ಗೊತ್ತೇ ಇಲ್ಲ” ಅಂದಳು. ನನಗೆ ಅವಳ ತುಟಿ ಸ್ಪಷ್ಟವಾಗಿ ಕಾಣುತ್ತಿತ್ತು ಅಕ್ಕಾ. ಪ್ರತಿಯೊಂದು ಪದವೂ ಅರ್ಥವಾಯಿತು. ಹೆಡ್‌ಮಿಸ್ ನನ್ನ ಕಡೆ ತಿರುಗಿ “ಹೌದೇನಮ್ಮ?” ಅಂದರು. ಅದೂ ಅರ್ಥವಾಯಿತು. ಕೇಳಿಸದವಳ ಹಾಗೆ ನಿಂತಿದ್ದೆ.

ಕಡ್ಡಿಯನ್ನು ಹದಿನೈದು ದಿನ ಹೊರಗೆ ಹಾಕಿದರು. ಊರೆಲ್ಲ ಸುದ್ದಿ. ಬಸ್ಸಿನಲ್ಲಿ ಯಾರೋ “ಏನ್ ಕಂಡಕ್ಟ್ರೇ, ಮಗಳು ಕಾಪಿ ಹೊಡೆದ್ಳಂತೆ?” ಅಂದರಂತೆ. ಹದಿನೈದು ದಿನ ಮುಗಿದು ಮತ್ತೆ ಹದಿನೈದು ಮುಗಿದರೂ ಅವಳು ಬರಲಿಲ್ಲ. ಅವರ ಮನೆಯ ಬಾಗಿಲ ತನಕ ನಾಲ್ಕು ಸಲ ಹೋಗಿ, ತಟ್ಟದೆ ವಾಪಸು ಬಂದಿದ್ದೇನೆ.

ನಾಳೆ ಹೆಡ್‌ಮಿಸ್‌ಗೆ ಎಲ್ಲ ಹೇಳುತ್ತೇನೆ. ಮೊದಲು ನಿನಗೆ ಬರೆಯಬೇಕು ಅನಿಸಿತು.

ನೀನು ಈಗ ಕಿವಿಯ ವಾರ್ಡಿನಲ್ಲಿದ್ದೀಯಲ್ಲ. ಇದು ಯಾಕೆ ಹೀಗಾಯಿತು ಅಂತ ನಿನಗೆ ಗೊತ್ತಿರಬೇಕು. ಯಾವ ಔಷಧಿ ಹಾಕಿದರೆ ವಾಸಿಯಾಗುತ್ತದೆ? ಎಷ್ಟು ಕಹಿಯಿದ್ದರೂ ಕುಡಿಯುತ್ತೇನೆ. ಇಂಜೆಕ್ಷನ್ ಆದರೆ ನಿನ್ನ ಕೈಯಿಂದಲೇ ಹಾಕಿಸಿಕೊಳ್ಳುತ್ತೇನೆ.

ನಿನ್ನ ಗುಂಡಿ


ಜನವರಿ ೪

ಪ್ರೀತಿಯ ಅಕ್ಕಾ,

ನನ್ನ ಹಿಂದಿನ ಪತ್ರ ತಲುಪಿತೇ? ಐದು ವಾರವಾಯಿತು.

ಹೆಡ್‌ಮಿಸ್‌ಗೆ ಹೇಳಿದೆ. ಮೊದಲು ಅವರು ನಂಬಲಿಲ್ಲ. ನನ್ನನ್ನು ಕಿಟಕಿಗೆ ಮುಖ ಮಾಡಿ ನಿಲ್ಲಿಸಿ ಹಿಂದಿನಿಂದ ಕೈಗಂಟೆ ಬಾರಿಸಿದರಂತೆ. ನಾನು ಹೊರಗೆ ಒಣಹಾಕಿದ್ದ ಬಟ್ಟೆ ನೋಡುತ್ತಾ ನಿಂತಿದ್ದೆ. ಆಮೇಲೆ ಅವರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅವತ್ತೇ ಸಂಜೆ ನನ್ನನ್ನೂ ಕರೆದುಕೊಂಡು ಕಡ್ಡಿಯ ಮನೆಗೆ ಹೊರಟರು.

ಕಂಡಕ್ಟರು ಆಗತಾನೇ ಕೆಲಸದಿಂದ ಬಂದಿದ್ದರು, ಚರ್ಮದ ಚೀಲ ಇನ್ನೂ ಹೆಗಲಲ್ಲೇ ಇತ್ತು. ಹೆಡ್‌ಮಿಸ್ ಹೇಳಿದ್ದನ್ನೆಲ್ಲ ನಿಂತುಕೊಂಡೇ ಕೇಳಿದರು. ಅವರ ಮೀಸೆ ದಪ್ಪ, ತುಟಿ ಕಾಣುವುದಿಲ್ಲ. ಅವರು ಏನೆಂದರು ಅಂತ ದಾರಿಯಲ್ಲಿ ಹೆಡ್‌ಮಿಸ್ ನನ್ನ ನೋಟ್‌ಪುಸ್ತಕದಲ್ಲಿ ಬರೆದು ತೋರಿಸಿದರು. “ಅವಳನ್ನ ನಮ್ಮಕ್ಕನ ಊರಿಗೆ ಕಳಿಸಿ ತಿಂಗಳಾಯ್ತು. ಅಲ್ಲೇ ಕೆಲಸಕ್ಕೆ ಸೇರ್ಕೊಂಡಿದ್ದಾಳೆ. ಮಗಳನ್ನ ಹೊಡೆದು ಕಳಿಸಿದ್ದೀನಿ ಮಿಸ್, ಈಗ ಯಾವ ಮುಖ ಇಟ್ಕೊಂಡು ಕರೀಲಿ?”

ನನ್ನನ್ನು ಮೊದಲ ಬೆಂಚಿಗೆ ಕೂರಿಸಿದ್ದಾರೆ. ಗಣಿತದ ಮೇಷ್ಟ್ರು ಬೋರ್ಡಿನ ಸ್ನೇಹ ಬಿಟ್ಟು ನನಗೆ ಮುಖ ತೋರಿಸಿ ಪಾಠ ಮಾಡುತ್ತಾರೆ. ಭಾಷಾ ಮೇಷ್ಟ್ರು ಮಾತ್ರ ನನ್ನೆದುರು ನಿಂತು ಕಿರುಚುತ್ತಾರಂತೆ, ಪಕ್ಕದ ತರಗತಿಯವರೆಲ್ಲ ನಗುತ್ತಾರಂತೆ. ನನಗೆ ಅವರ ಕುತ್ತಿಗೆಯ ನರ ಉಬ್ಬುವುದಷ್ಟೇ ಕಾಣುತ್ತದೆ. ಪಾಪ, ಅವರಿಗೆ ಬೇರೆ ದಾರಿ ಗೊತ್ತಿಲ್ಲ.

ಬೇಗ ಬರಿ.

ಗುಂಡಿ


ಜನವರಿ ೩೦

ಅಕ್ಕಾ,

ಹೆಡ್‌ಮಿಸ್ ಅಪ್ಪನಿಗೂ ಎಲ್ಲ ಹೇಳಿದರು, ಅಪ್ಪ ನನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಕಿವಿಗೆ ಯಂತ್ರ ಹಾಕಿ ನೋಡಿದರು. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದು ಉಳಿಯಬಹುದು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಎಡಗಿವಿಗೆ ಒಂದು ಮಿಷನ್ ಇಟ್ಟರೆ ಸ್ವಲ್ಪ ಉಪಯೋಗವಾಗಬಹುದಂತೆ.

ನಾನು ಅಳಲಿಲ್ಲ. ಅಪ್ಪ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ತರುತ್ತೇನೆಂದು ಹೋದವರು ಬರಿಗೈಯಲ್ಲಿ ವಾಪಸು ಬಂದರು.

ನೀನು ಯಾಕೆ ಬರೆಯುತ್ತಿಲ್ಲ? ಕಡ್ಡಿಯ ವಿಷಯಕ್ಕೆ ನಿನಗೆ ನನ್ನ ಮೇಲೆ ಅಸಹ್ಯವಾಗಿರಬೇಕು. ಆಗಲಿ. ಆದರೂ ಒಂದು ಸಾಲು ಬರಿ.

ಗುಂಡಿ


ಫೆಬ್ರವರಿ ೨೧

ಗುಂಡೀ,

ನಿನ್ನ ಮೂರೂ ಪತ್ರ ದಿಂಬಿನ ಕೆಳಗಿವೆ. ಎಷ್ಟು ಸಲ ಉತ್ತರ ಬರೆದು ಹರಿದೆ ಅನ್ನುವುದು ರೂಮಿನಲ್ಲಿರುವ ಹುಡುಗಿಯರಿಗೆ ಗೊತ್ತು. ಅಸಹ್ಯ ನಿನ್ನ ಮೇಲಲ್ಲ. ಇದನ್ನು ಕೂತುಕೊಂಡು, ನಿಧಾನವಾಗಿ ಓದು.

ಅಕ್ಟೋಬರಿನಲ್ಲಿ ಕಿವಿಯ ವಾರ್ಡಿಗೆ ಒಬ್ಬ ಅಂಚೆಯವರು ಬಂದಿದ್ದರು. ಅವರಿಗೂ ನಿನ್ನ ಹಾಗೇ ಕ್ಷಯದ ಜ್ವರ ಬಂದಿತ್ತು, ಗುಣವಾಗಿತ್ತು. ಆದರೆ ಕಿವಿ ಹೋಗಿತ್ತು. ಅವರ ಹಾಸಿಗೆಯ ಪಕ್ಕ ನಿಂತು ನಮ್ಮ ಹಿರಿಯ ಸಿಸ್ಟರ್ ಪಾಠ ಮಾಡಿದರು. “ಈ ಇಂಜೆಕ್ಷನ್ ಜೀವ ಉಳಿಸುತ್ತೆ. ಆದ್ರೆ ಕೆಲವರ ಕಿವಿ ತಗೊಂಡ್ಬಿಡುತ್ತೆ. ಅದಕ್ಕೇ ಕೊಡುವಾಗ ಕೇಳ್ತಾ ಇರ್ಬೇಕು, ಕಿವೀಲಿ ಸದ್ದು ಬರ್ತಿದ್ಯಾ, ತಲೆ ಸುತ್ತುತ್ತಾ ಅಂತ. ಹೌದು ಅಂದ್ರೆ ಅವತ್ತೇ ನಿಲ್ಸಿ ಡಾಕ್ಟ್ರಿಗೆ ಹೇಳ್ಬೇಕು.” ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಬರೆದು ಮುಗಿಸಿದ ಮೇಲೆ ಆ ಸಾಲನ್ನು ಓದಿದೆ.

ನನ್ನ ಹಳೆಯ ತರಗತಿಗೆ ಈ ಪಾಠ ಹಿಂದಿನ ವರ್ಷವೇ ಆಗಿತ್ತು. ಯಾವಾಗ ಗೊತ್ತೇ? ನಾನು ನಿನ್ನ ಮಂಚದ ಪಕ್ಕ ಕೂತು ಅದೇ ಇಂಜೆಕ್ಷನ್ ಕೊಡುತ್ತಿದ್ದ ತಿಂಗಳಲ್ಲಿ.

ಇಷ್ಟೇ ಆಗಿದ್ದರೆ ಗೊತ್ತಿರಲಿಲ್ಲ ಅಂತ ಸಮಾಧಾನ ಹೇಳಿಕೊಳ್ಳಬಹುದಿತ್ತು. ಇಷ್ಟೇ ಅಲ್ಲ. ನಲವತ್ತೊಂದನೆಯ ದಿನ ನಾನು ಸಿರಿಂಜಿಗೆ ಔಷಧಿ ಎಳೆಯುತ್ತಿದ್ದಾಗ ನೀನು ಹೇಳಿದ್ದೆ, “ಅಕ್ಕಾ, ಕಿವೀಲಿ ಏನೋ ಗುಂಯ್ ಅಂತಿದೆ” ಅಂತ. ನಾನು “ಜ್ವರದ ನಿಶ್ಶಕ್ತಿ ಕಣೇ, ಸುಮ್ನೆ ಮಲಕ್ಕೋ” ಅಂದೆ. ಚುಚ್ಚಿದೆ. ಅದಾದ ಮೇಲೆ ಇನ್ನೂ ಹತ್ತೊಂಬತ್ತು. ಡಾಕ್ಟರು ವಾರಕ್ಕೊಮ್ಮೆ ತೋರಿಸಿ ಅಂದಿದ್ದರು. ಬಸ್ಸಿನಲ್ಲಿ ನಿನಗೆ ಸುಸ್ತಾಗುತ್ತದೆಂದು ಎರಡು ವಾರ ನಾನೇ ತಪ್ಪಿಸಿದೆ. ಅರ್ಧ ನರ್ಸಾಗಿದ್ದೆನಲ್ಲ, ನನಗೆಲ್ಲ ಗೊತ್ತು ಅಂದುಕೊಂಡಿದ್ದೆ.

ಯಾವ ಔಷಧಿ ಹಾಕಿದರೆ ವಾಸಿಯಾಗುತ್ತದೆ ಅಂತ ಕೇಳಿದೆಯಲ್ಲ. ಆ ಪ್ರಶ್ನೆಗೆ ಉತ್ತರ ಬರೆಯಲು ಮೂರು ತಿಂಗಳು ಹಿಡಿಯಿತು.

ಈಗ ಸಿರಿಂಜು ಹಿಡಿದರೆ ನನ್ನ ಕೈ ನಡುಗುತ್ತದೆ. ಕೇಳಿಕೊಂಡು ಆಸ್ಪತ್ರೆಯ ಬಟ್ಟೆ ಮಡಿಸುವ ಕೆಲಸಕ್ಕೆ ಹೋಗಿದ್ದೇನೆ. ಪರೀಕ್ಷೆಗೆ ಕೂರುವುದಿಲ್ಲ ಅಂತ ಬರೆದುಕೊಡಬೇಕೆಂದಿದ್ದೇನೆ. ನಿನಗೆ ಬೇಕಾದ್ದು ಬರಿ. ಬೈದರೂ ಓದುತ್ತೇನೆ.

ಅಕ್ಕ


ಮಾರ್ಚ್ ೧೭

ಗುಂಡಿ,

ಪರೀಕ್ಷೆ ಚೆನ್ನಾಗಿ ಬರಿ. ಹಾಲ್ ಟಿಕೆಟ್ ಮರೆಯಬೇಡ. ನನಗೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಅಕ್ಕ


ಏಪ್ರಿಲ್ ೨೪

ಅಕ್ಕಾ,

ಪರೀಕ್ಷೆ ಮುಗಿಯಿತು. ಪಾಸಾಗುತ್ತೇನೆ ಅನಿಸುತ್ತದೆ. ಉಕ್ತಲೇಖನದ ಬದಲು ನನಗೆ ಪ್ರಬಂಧ ಕೊಟ್ಟಿದ್ದರು, ಭಾಷಾ ಮೇಷ್ಟ್ರೇ ಓಡಾಡಿ ಅನುಮತಿ ತರಿಸಿದ್ದರು.

ಎರಡು ತಿಂಗಳು ನಾನು ಬರೆಯಲಿಲ್ಲ. ಪರೀಕ್ಷೆ ಇತ್ತು ಅಂತ ಹೇಳಿ ಮುಗಿಸಬಹುದು, ಆದರೆ ಅದು ನಿಜವಲ್ಲ. ಇಂಜೆಕ್ಷನ್ನಿನ ವಿಷಯ ನನಗೆ ಜನವರಿಯಲ್ಲೇ ಗೊತ್ತಿತ್ತು. ಆ ಡಾಕ್ಟರು ಅಪ್ಪನ ಹತ್ತಿರ ಹಳೆಯ ಚೀಟಿ ಇಸಿದುಕೊಂಡು ನೋಡಿ, ಯಾವುದರಿಂದ ಹೀಗಾಯಿತೆಂದು ಅದರ ಮೇಲೇ ಗೆರೆ ಹಾಕಿ ತೋರಿಸಿದರು. “ಯಾರು ಕೊಡ್ತಿದ್ರು?” ಅಂತ ಕೇಳಿದರು. ಅಪ್ಪ ನನ್ನನ್ನು ನೋಡಿದರು. ಅಕ್ಕನಿಗೆ ಹೇಳಬೇಡಿ ಅಂತ ದಾರಿಯುದ್ದಕ್ಕೂ ನಾನೇ ಅಪ್ಪನ ಕೈ ಹಿಡಿದು ಕೇಳಿಕೊಂಡೆ. ನಿನಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

ನಿನ್ನ ಪತ್ರ ಬಂದಾಗ ಅದರಲ್ಲಿ ಹೊಸದಾಗಿ ತಿಳಿದದ್ದು ನಲವತ್ತೊಂದನೆಯ ದಿನ ಒಂದೇ. ನಾನು ಹೇಳಿದ್ದೆ ಅನ್ನುವುದು ನನಗೆ ನೆನಪೇ ಇರಲಿಲ್ಲ. ಸಿಟ್ಟು ಬಂತು ಅಕ್ಕಾ. ನನಗೆ ಬೇರೆ ಯಾರ ಮೇಲೂ ಅಂಥ ಸಿಟ್ಟು ಬಂದಿಲ್ಲ. ನಿನ್ನ ಫೋಟೋವನ್ನು ಕನ್ನಡಿಯ ಪಕ್ಕದಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಅಪ್ಪ ಅದನ್ನು ನೋಡಿದರು. ಒಂದು ದಿನ ಹೊಲಿಗೆ ನಿಲ್ಲಿಸಿ, ನನ್ನೆದುರು ಕೂತು, ಬಾಯಿ ದೊಡ್ಡದಾಗಿ ಆಡಿಸಿ ಹೇಳಿದರು, “ಆ ಎರಡು ತಿಂಗಳು ಡಾಕ್ಟ್ರು ನಿನ್ ಆಸೆ ಬಿಟ್ಟಿದ್ರು. ಅವಳು ಬಿಟ್ಟಿರ್ಲಿಲ್ಲ.” ಅಷ್ಟೇ ಹೇಳಿ ಮತ್ತೆ ಮಿಷನ್ ತುಳಿಯಲು ಹೋದರು. ಸಿಟ್ಟು ಅದರಿಂದಲೂ ಹೋಗಲಿಲ್ಲ. ಸ್ವಲ್ಪ ಕಡಿಮೆಯಾಯಿತು, ಅಷ್ಟೆ.

ಮೊನ್ನೆ ಅಪ್ಪ ನನ್ನನ್ನು ಕಡ್ಡಿ ಇರುವ ಊರಿಗೆ ಕರೆದುಕೊಂಡು ಹೋದರು. ಅವಳು ರಟ್ಟಿನ ಡಬ್ಬಿ ಮಾಡುವ ಕಡೆ ಕೆಲಸಕ್ಕಿದ್ದಾಳೆ, ಚಪ್ಪಲಿ ತುಂಬುವ ಡಬ್ಬಿಗಳು. ಉದ್ದನೆಯ ಶೆಡ್ಡು, ಒಳಗೆಲ್ಲ ಅಂಟಿನ ವಾಸನೆ. ಅಪ್ಪ ರಸ್ತೆಯ ಆಚೆ ಮರದ ಕೆಳಗೆ ನಿಂತರು. ನಾನೊಬ್ಬಳೇ ಒಳಗೆ ಹೋದೆ. ಅವಳು ನೆಲದ ಮೇಲೆ ಕೂತು ಡಬ್ಬಿಗೆ ಕಾಗದ ಹಚ್ಚುತ್ತಿದ್ದಳು. 

ಎದ್ದು ಬಾಗಿಲ ತನಕ ಬಂದಳು. ನಾನು ಹೇಳಬೇಕಾದ್ದನ್ನು ಬಸ್ಸಿನಲ್ಲಿ ಉರು ಹೊಡೆದುಕೊಂಡು ಹೋಗಿದ್ದೆ, ಒಂದೇ ಉಸಿರಿನಲ್ಲಿ ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೋ ಗೊತ್ತಿಲ್ಲ, ಒಳಗಿನ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಹೆಡ್‌ಮಿಸ್‌ಗೆ ಎಲ್ಲ ಹೇಳಿದ್ದೇನೆ, ನಿನ್ನ ಹೆಸರಿನ ಮೇಲೆ ಈಗ ಏನೂ ಇಲ್ಲ, ಜೂನಿನಲ್ಲಿ ಬಂದರೆ ಸೇರಿಸಿಕೊಳ್ಳುತ್ತಾರೆ ಅಂದೆ. ಅವಳು ತಲೆ ಅಲ್ಲಾಡಿಸಿದಳು. ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ. ನನ್ನ ಎಡಗಿವಿಗೆ ಹೊಸದಾಗಿ ಹಾಕಿಸಿದ ಮಿಷನ್ ಮುಟ್ಟಿ ನೋಡಿದಳು. ಆಮೇಲೆ ಅವಳಿಗೆ ಅಳು ಬಂತು. ಅಂಟು ಮೆತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಅವಳು ಏನೋ ಹೇಳಿದಳು. ಚಿಕ್ಕ ಮಾತಲ್ಲ, ಬಹಳ ಹೊತ್ತು ಹೇಳಿದಳು. ಮಿಷನ್ನಿನಲ್ಲಿ ಬರೀ ಗೊರಗೊರ ಬಂತು. ನನಗೆ ಒಂದು ಪದವೂ ಗೊತ್ತಾಗಲಿಲ್ಲ.

ಬೈದಳೋ, ಬಿಡು ಹೋಗಲಿ ಅಂದಳೋ, ಅವರಪ್ಪನ ವಿಷಯ ಹೇಳಿದಳೋ, ಏನೋ. ಕೈ ತೆಗೆದು ಇನ್ನೊಂದು ಸಲ ಹೇಳು ಅನ್ನಬಹುದಿತ್ತು. ಅನ್ನಲಾಗಲಿಲ್ಲ. ಒಳಗಿನಿಂದ ಯಾರೋ ಕರೆದರು ಅಂತ ಕಾಣುತ್ತದೆ, ಅವಳು ತಿರುಗಿ ನೋಡಿ ಒಳಗೆ ಹೋದಳು.

ಅಪ್ಪ ಬಸ್ಸಿನಲ್ಲಿ “ಏನಂದ್ಳು?” ಅಂತ ಕೇಳಿದರು. “ಬರ್ತಾಳಂತೆ” ಅಂದೆ.

ನೀನು ಪರೀಕ್ಷೆಗೆ ಕೂರು. ಬಟ್ಟೆ ಮಡಿಸಲು ಬೇರೆಯವರಿದ್ದಾರೆ. ಸಿರಿಂಜು ಹಿಡಿಯುವಾಗ ಕೈ ನಡುಗಿದರೆ ನಡುಗಲಿ, ಮೊದಲು ಅವರನ್ನು ಕೇಳು, ಕಿವಿಯಲ್ಲಿ ಸದ್ದು ಬರುತ್ತಿದೆಯೇ ಅಂತ. ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೋ. ಸಿಟ್ಟು ನನಗೆ ಇನ್ನೂ ಇದೆ, ಸುಳ್ಳು ಹೇಳುವುದಿಲ್ಲ. ಇದ್ದರೂ ನೀನು ಬೇಕು.

ಪರೀಕ್ಷೆ ಮುಗಿದ ಮರುದಿನವೇ ಬಾ. ಬೆಳಗಿನ ಬಸ್ಸಿಗೆ ಹೊರಟರೆ ಬಿಸಿಲಿರುವಾಗಲೇ ತಲುಪುತ್ತೀಯ. ಅಂಗಡಿಯ ಕಿಟಕಿಯ ಹತ್ತಿರ ಬೆಳಕಿಗೆ ಮುಖ ಮಾಡಿ ಕೂತು ನಿನಗೆ ಹೇಳಬೇಕಾದ್ದೆಲ್ಲ ಹೇಳು. ಎಷ್ಟು ಅಳು ಬಂದರೂ ಬಾಯಿಗೆ ಕೈ ಅಡ್ಡ ಇಡಬೇಡ.

ಗುಂಡಿ